ಪಣಕ್ಕಿಟ್ಟವರನ್ನ ಯಾರು ಕೇಳಿದ್ರು?



ಇವತ್ತು ಜೂಜಿನ ಬಗ್ಗೆ ಬರೀತೀನಿ. ಅದೂ ಹುಡುಗರ ಆಟದೊಳಗ ಬರೋ ಜೂಜು. ಇದರಾಗೇನು ಹೋರಾಟ ಐತಿ ಅನ್ನಬ್ಯಾಡ್ರಿ, ಪೂರ್ತಿ ಓದ್ರಿ.

ಅಕ್ಕನ ಮಗ ಹುಬ್ಬಳ್ಳಿಯಾಗ ಇಂಜಿನಿಯರಿಂಗ್ ಓದ್ತಾನ. ರಜೆಗೆ ಶಿರಹಟ್ಟಿಗೆ ಬಂದಾಗ ನಮ್ಮ ಓಣಿ ಹುಡುಗ ಹುಡುಗಿಯರನ್ನ ಕೂಡಿಸಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಆಟ ಆಡಿಸ್ತಾನ. 1974ರಾಗ ಅಮೆರಿಕಾದಾಗ ಹುಟ್ಟಿದ ಆಟ. ವೇಷ ಇಲ್ಲದ ದೊಡ್ಡಾಟ ಅಂತ ತಿಳಕೊಳ್ರಿ. ಒಬ್ಬ ಕಥಿ ನಡಸ್ತಾನ, ಉಳಿದವರು ಒಂದೊಂದು ಪಾತ್ರ ಆಗಿ ಮಾತಾಡ್ತಾರ, ಕೈ ಹಾಕಿದ ಕೆಲಸ ಆಗ್ತದೋ ಇಲ್ಲೋ ಅನ್ನೋದನ್ನ ದಾಳ ಹೇಳತೈತಿ. ಇವರು ಕಥಿಯನ್ನ ನಮ್ಮ ಕಪ್ಪತಗುಡ್ಡದ ಬುಡಕ್ಕ ತಂದು, ಜಾತ್ರಿ, ಸಾಹುಕಾರ, ದನಗಾಹಿ ಎಲ್ಲಾ ಸೇರಿಸ್ಯಾರ.

ಒಂದಿನ ಕಥಿಯೊಳಗ ಜೂಜುಕಟ್ಟಿ ಬಂತು. ಒಬ್ಬ ಹುಡುಗ ಆಡಾಕ ಕುಂತ. ಅರ್ಧ ತಾಸು ಬರೀ ದಾಳ ಉರುಳಿದ್ದೇ ಉರುಳಿದ್ದು. ಉಳಿದವರು ಮೊಬೈಲ್ ತೆಗೆದ್ರು. "ಮಾಮಾ, ಜೂಜಿನ ಸೀನ್ ಹೆಂಗ ನಡಸ್ಬೇಕು?" ಅಂತ ಅಕ್ಕನ ಮಗ ಕೇಳಿದ. ನಾನು ಮೂರು ಮಾತು ಹೇಳಿದೆ.

ಮೊದಲನೇದು, ಕಟ್ಟಿ ಯಾರದು ಅಂತ ತೋರಿಸು. ಮಟಕಾ ಬರೆಯೋವ "1 ರೂಪಾಯಿಗೆ 80" ಅಂತ ಕೂಗ್ತಾನ. ನಿಮ್ಮ ಹತ್ರ ಹತ್ತು ಮುಖದ ದಾಳ ಎರಡು ಅದಾವಲ್ಲ, ಉರುಳಿಸಿದ್ರ 00ರಿಂದ 99ರ ತನಕ ನೂರು ನಂಬರ್. ನೂರಕ್ಕೂ ಒಂದೊಂದು ರೂಪಾಯಿ ಹಚ್ಚಿದ್ರ ಖರ್ಚು 100, ಕೈಗೆ ಬರೋದು 80. ಆ 20 ರೂಪಾಯಿ ಯಾವ ದಾಳ ಬಿದ್ರೂ ಬುಕ್ಕಿದೇ. ಹುಡುಗರು ತಾವೇ ಲೆಕ್ಕ ಹಾಕ್ಲಿ. ಆಮ್ಯಾಲ ಮೂರು ಸಲ ದಾಳ ಉರುಳಿಸಿದ್ರ ಸಾಕು, ಮೂವತ್ತು ಸಲ ಬ್ಯಾಡ.

ಎರಡನೇದು, ದಾಳ ಉರುಳೋಕಿಂತ ಮೊದಲ ಕೇಳು: ಪಣಕ್ಕಿಟ್ಟದ್ದು ಯಾರದು? ನಮ್ಮಪ್ಪ ಒಂದು ಪಂಚಮಿಯಾಗ ಎರಡು ಆಡು ಸೋತ. ಆಡು ಸಾಕಿದಾಕಿ ಅವ್ವ. ಅದೂ ಸಾಲದಾಗಿ ಸಾಹುಕಾರನ ಹತ್ರ ಸಾಲ ಮಾಡಿ ಆಡಿದ. ಆ ಸಾಲ ತೀರಿಸಾಕ ನಮ್ಮಣ್ಣ ಏಳನೇತ್ತೆ ಬಿಟ್ಟು ಅವರ ಹೊಲಕ್ಕ ಹೋದ. ಜೀತ ರದ್ದು ಮಾಡೋ ಕಾಯ್ದೆ ಬಂದದ್ದು 1976ರಾಗ. ಅಣ್ಣ ಹೋದದ್ದು ಅದಾಗಿ ಹದಿನೈದು ವರ್ಷಕ್ಕ. ಎಲಿ ಹಿಡಿದಾವ ಅಪ್ಪ, ಸೋತವರು ಅವ್ವ ಮತ್ತ ಅಣ್ಣ.

ಮೂರನೇದು, ಪಣಕ್ಕಿಟ್ಟವರಿಗೂ ಮಾತಾಡೋ ಸರದಿ ಕೊಡು. ಕುಮಾರವ್ಯಾಸ ನಮ್ಮ ಗದಗಿನ ವೀರನಾರಾಯಣ ಗುಡಿಯಾಗ ಕುಂತು ಭಾರತ ಬರೆದ ಅಂತ ನಾವೆಲ್ಲ ಹೆಮ್ಮೆ ಪಡ್ತೀವಿ. ಪಗಡೆಯಾಟ ಅಂದ ಕೂಡ್ಲೇ ದ್ರೌಪದಿ ನೆನಪಾಗ್ತಾಳ. ತನ್ನನ್ನೇ ಸೋತಾವ ನನ್ನನ್ನ ಹೆಂಗ ಪಣಕ್ಕಿಟ್ಟ ಅಂತ ಆಕಿ ತುಂಬಿದ ಸಭೆಗೆ ಸವಾಲು ಹಾಕಿದ್ಲು. ದೊಡ್ಡ ಸವಾಲು ಅದು. ಆದ್ರ ಸಂಸ್ಕೃತ ಮಹಾಭಾರತದ ಸಭಾಪರ್ವದಾಗ ಧರ್ಮರಾಯ ಆಕಿಗಿಂತ ಮೊದಲು ಒಂದು ಲಕ್ಷ ದಾಸಿಯರನ್ನ ಇಟ್ಟು ಸೋತಾನ. ಆಮ್ಯಾಲ ಅಷ್ಟೇ ಮಂದಿ ದಾಸರನ್ನ. ಅವರ ಪರವಾಗಿ ಸಭೆಯೊಳಗ ಒಬ್ಬರೂ ಪ್ರಶ್ನೆ ಎತ್ತಲಿಲ್ಲ. ಧರ್ಮ ಯಾವುದು ಅಂತ ಚರ್ಚೆ ಶುರು ಆದದ್ದು ರಾಣಿ ಸರದಿ ಬಂದಮ್ಯಾಲೆ. ಆ ಲಕ್ಷ ಮಂದಿಯಾಗ ನಮ್ಮ ಅವ್ವಂದಿರು ಇದ್ರು ಅಂತ ನಾನು ಓದ್ಕೊಂತೀನಿ.

ಮುಂದಿನ ಸಲ ಆಟದಾಗ ಒಬ್ಬ ತನ್ನ ಆಳನ್ನ ಪಣಕ್ಕಿಟ್ಟ. ದನಗಾಹಿ ಪಾತ್ರದ ಹುಡುಗಿ ಎದ್ದು ನಿಂತು, "ನನ್ನ ಕೇಳಿದಿ ಏನು? ನಾ ಒಪ್ಪಂಗಿಲ್ಲ" ಅಂದ್ಲು. ಅವತ್ತು ಒಬ್ಬರೂ ಮೊಬೈಲ್ ಮುಟ್ಟಲಿಲ್ಲ.

ಗುಮಾಸ್ತನ ಕಣ್ಣಿಂದ ಇನ್ನೊಂದು ಮಾತು. ಅಂದರ್-ಬಾಹರ್ ಆಡಿ ಸಿಕ್ಕವರ ಮ್ಯಾಲೆ ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 87ರಡಿ ಕೇಸ್ ಆಗತೈತಿ. ಪಂಚನಾಮೆಯಾಗ 52 ಇಸ್ಪೀಟ್ ಎಲಿ, ನಗದು, ಆಡಿದವರ ಹೆಸರು, ಎಲ್ಲಾ ಬರೀತಾರ. ಆಡು ಕಳಕೊಂಡಾಕಿ ಹೆಸರು ಬರೆಯಾಕ ಅದರಾಗ ಜಾಗ ಇಲ್ಲ. 2025ರ ಆಗಸ್ಟ್‌ನಾಗ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ನಿಷೇಧಿಸಿ ಪಾರ್ಲಿಮೆಂಟ್ ಕಾಯ್ದೆ ಮಾಡೈತಿ, ಒಳ್ಳೇದು. ಆದ್ರ ಗಂಡನ ರಮ್ಮಿ ಸಾಲಕ್ಕ ಬೆಂಡೋಲಿ ಅಡವಿಟ್ಟಾಕಿ ಇನ್ನೂ ಬಡ್ಡಿ ಕಟ್ಟಾಕತ್ಯಾಳ.

ನಮ್ಮ ಸಂಘಟನೆಯವರು ಜೂಜು, ಸಾಲ ಅಂತ ಬೀದಿ ನಾಟಕ ಮಾಡೋವಾಗ ಕುಡುಕ ಗಂಡನ್ನ ಕುಣಿಸಿ ನಗಿಸೋದು ಕಡಿಮಿ ಮಾಡ್ರಿ. ಕಳಕೊಂಡಾಕಿ ಕೈಗೆ ಮೈಕ್ ಕೊಡ್ರಿ. ಆಕಿ ಮಾತು ಮುಗಿಯೋತನಕ ದಾಳ ಉರುಳಬಾರದು.

ಜೈಭೀಮ್.