ಮಂಜುಗಡ್ಡೆಯ ಮೇಲೆ ನಮ್ಮ ಹುಡುಗಿಯರು

ಹಾಕಿ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಕೊಡಗು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ ಮನೆತನಕ್ಕೊಂದು ತಂಡ. ಆ ತಂಡಗಳಲ್ಲಿ ಗಂಡಸರ ಜೊತೆಗೆ ಮನೆಯ ಹೆಣ್ಣುಮಕ್ಕಳೂ ಆಡುವುದುಂಟು. ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗಾದರೋ ಹಾಕಿ ಎಂದರೆ 1993ರಿಂದ ಸ್ಯಾನ್ ಹೊಸೆಯಲ್ಲಿ ಆಡುತ್ತಿರುವ ಶಾರ್ಕ್ಸ್ ತಂಡ. ಚೆಂಡಿನ ಬದಲು ರಬ್ಬರಿನ ಬಿಲ್ಲೆ, ಮೈದಾನದ ಬದಲು ಮಂಜುಗಡ್ಡೆ.

ನಮ್ಮ ಕನ್ನಡ ತರಗತಿಯ ಹುಡುಗಿಯೊಬ್ಬಳು ಈ ಐಸ್ ಹಾಕಿ ಆಡುತ್ತಾಳೆ. ಬೆಳಗಿನ ಅಭ್ಯಾಸ ಮುಗಿಸಿ ಒದ್ದೆ ಕೂದಲಲ್ಲೇ ತರಗತಿಗೆ ಓಡಿ ಬರುತ್ತಾಳೆ. 'ನನ್ನ ಮೆಚ್ಚಿನ ಆಟ' ಎಂಬ ಪ್ರಬಂಧದಲ್ಲಿ ಅವಳು "ನಮ್ಮ ಗೋಲಿ ತುಂಬಾ ಜೋರು" ಎಂದು ಬರೆದದ್ದನ್ನು ಓದಿ, ಗೋಲಿ ಆಡಿ ಬೆಳೆದ ನಾವು ನಕ್ಕಿದ್ದೇ ನಕ್ಕಿದ್ದು. ಗೋಲ್‌ಕೀಪರಿಗೆ ಇಲ್ಲಿ ಹಾಗೆನ್ನುತ್ತಾರಂತೆ!

ಅವಳ ದೆಸೆಯಿಂದ 2024-25ರ ಸಾಲಿನಲ್ಲಿ ನಾವೂ ಡಬ್ಲ್ಯೂ.ಸಿ.ಎಚ್.ಎ. ಎಂಬ ಕಾಲೇಜು ಮಹಿಳಾ ಲೀಗಿನ ಬೆನ್ನು ಹತ್ತಿದೆವು. ಅದರಲ್ಲಿ ಎಂಟೇ ತಂಡಗಳು. ಪ್ರತಿಯೊಂದೂ ಉಳಿದ ಏಳರ ವಿರುದ್ಧ ನಾಲ್ಕು ನಾಲ್ಕು ಸಲ, ಅಂದರೆ 28 ಪಂದ್ಯ ಆಡಬೇಕು. ತಂಡಗಳು ಕಡಿಮೆಯೆಂದು ಹಗುರವಾಗಿ ಕಾಣುವಂತಿಲ್ಲ. 2001ರಲ್ಲಿ ಎನ್.ಸಿ.ಎ.ಎ. ಮಹಿಳಾ ಚಾಂಪಿಯನ್‌ಶಿಪ್ ಆರಂಭವಾದಾಗಿನಿಂದ 2013ರವರೆಗೆ ಪ್ರತಿ ವರ್ಷವೂ ಗೆದ್ದದ್ದು ಈ ಲೀಗಿನದೇ ತಂಡ. 2025ರ ಸೆಮಿಫೈನಲ್‌ನ ನಾಲ್ಕು ತಂಡಗಳಲ್ಲೂ ಮೂರು ಇಲ್ಲಿಯವೇ.

ಆ ಮಾರ್ಚ್ 23ರ ಭಾನುವಾರ ಮಿನಿಯಾಪೊಲಿಸ್‌ನಲ್ಲಿ ವಿಸ್ಕಾನ್ಸಿನ್‌ಗೂ ಒಹಾಯೋ ಸ್ಟೇಟ್‌ಗೂ ಫೈನಲ್. ಸತತ ಮೂರನೆಯ ವರ್ಷ ಇವೆರಡೇ ಎದುರಾಳಿಗಳು. ಒಹಾಯೋ 3-2ರಿಂದ ಮುಂದಿತ್ತು. ಉಳಿದದ್ದು 18.9 ಸೆಕೆಂಡು. ಆಗ ವಿಸ್ಕಾನ್ಸಿನ್‌ಗೆ ಒಂದು ಪೆನಾಲ್ಟಿ ಸಿಕ್ಕಿತು. ಮಿಕ್ಕವರೆಲ್ಲ ಬದಿಗೆ ಸರಿಯಬೇಕು. ಒಬ್ಬಳೇ ಬಿಲ್ಲೆಯನ್ನು ಒಯ್ದು ಗೋಲ್‌ಕೀಪರನ್ನು ಎದುರಿಸಬೇಕು. ಕರ್ಸ್ಟನ್ ಸಿಮ್ಸ್ ಗೋಲು ಹೊಡೆದಳು. ಹೆಚ್ಚುವರಿ ಅವಧಿಯಲ್ಲೂ ಅವಳದೇ ಗೋಲು, 4-3. ಇಡೀ ವರ್ಷದಲ್ಲಿ ಒಂದೇ ಪಂದ್ಯ ಸೋತಿದ್ದ ವಿಸ್ಕಾನ್ಸಿನ್‌ಗೆ ಅದು ಎಂಟನೆಯ ಪ್ರಶಸ್ತಿ.

ಮುಂದಿನ ವಾರ ಹುಡುಗಿಯ ತಾಯಿ ತರಗತಿ ಬಿಡುವ ಹೊತ್ತಿಗೆ ಬಂದು, "ಮೇಡಂ, ಇವಳು ಮ್ಯಾಡಿಸನ್‌ಗೇ ಹೋಗಿ ಆಡ್ತೀನಿ ಅಂತಾಳಲ್ಲ, ಏನು ಹೇಳೋದು?" ಎಂದು ಕೇಳಿದರು. ಪ್ರಶ್ನೆ ಸಣ್ಣದಲ್ಲ. ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯದಲ್ಲೂ ಎನ್.ಸಿ.ಎ.ಎ. ಮೊದಲ ದರ್ಜೆಯ ಮಹಿಳಾ ಐಸ್ ಹಾಕಿ ತಂಡವಿಲ್ಲ. ಆ ಮಟ್ಟದಲ್ಲಿ ಆಡಬೇಕಾದರೆ ಮಗಳು ಸುಮಾರು 2,800 ಕಿಲೋಮೀಟರ್ ದೂರ ಹೋಗಬೇಕು. ಹೋದರೂ ತಂಡ ಉಳಿಯುತ್ತದೆಂಬ ಭರವಸೆ ಎಲ್ಲಿದೆ? ಇದೇ ಲೀಗಿನಲ್ಲಿದ್ದ ನಾರ್ತ್ ಡಕೋಟ ವಿಶ್ವವಿದ್ಯಾಲಯ 2017ರ ಮಾರ್ಚ್‌ನಲ್ಲಿ ಖರ್ಚು ಉಳಿಸಲು ತನ್ನ ಮಹಿಳಾ ತಂಡವನ್ನೇ ಮುಚ್ಚಿತು. ಮರುವರ್ಷದ ಒಲಿಂಪಿಕ್ಸ್ ಫೈನಲ್‌ನಲ್ಲಿ ಕೆನಡಾ ವಿರುದ್ಧ ಅಮೆರಿಕಕ್ಕೆ ಸಮಬಲದ ಗೋಲು ತಂದವಳು ಮೋನಿಕ್ ಲಮೊರೊ. ಶೂಟೌಟ್‌ನಲ್ಲಿ ಚಿನ್ನದ ಗೋಲು ಹೊಡೆದವಳು ಅವಳ ಅವಳಿ ಸೋದರಿ ಜೋಸಲಿನ್. ಇಬ್ಬರೂ ಆ ಮುಚ್ಚಿಹೋದ ತಂಡದಲ್ಲಿ ಆಡಿದ್ದವರೇ! ಶಾಲಾ ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಸಮಾನ ಅವಕಾಶ ಕೊಡಿಸಿದ 1972ರ ಟೈಟಲ್ ನೈನ್ ಕಾನೂನು ಇರುವ ದೇಶದಲ್ಲೇ ಹೀಗೂ ಆಗುತ್ತದೆ.

ಇದೆಲ್ಲವನ್ನೂ ಮುಚ್ಚಿಡದೆ ಆ ತಾಯಿಗೆ ಹೇಳಿದೆವು. ಜೊತೆಗೆ ಇನ್ನೊಂದನ್ನೂ ಹೇಳಿದೆವು: ಓದು ಬಿಟ್ಟು ಆಡುವ ಆಟ ಇದಲ್ಲ. ಅಲ್ಲಿ ಆಡುವವರೆಲ್ಲ ವಿದ್ಯಾರ್ಥಿನಿಯರೇ, ಪದವಿಗೆ ಓದುತ್ತಲೇ ಆಡುತ್ತಾರೆ.

ಜೂನ್‌ನಲ್ಲಿ ಭಾರತದ ಮಹಿಳಾ ತಂಡ ಅಲ್ ಐನ್‌ನ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದ ಸುದ್ದಿ ಬಂತು. ಚಳಿಗಾಲದಲ್ಲಿ ಕೆರೆಕುಂಟೆ ಹೆಪ್ಪುಗಟ್ಟಿದಾಗ ಆಡಿ ಕಲಿತ ಲಡಾಖಿನ ಹುಡುಗಿಯರು ಆ ತಂಡದ ಬೆನ್ನೆಲುಬು. ನಮ್ಮ ಹುಡುಗಿ ಅವರ ಫೋಟೋವನ್ನು ಕನ್ನಡ ನೋಟ್‌ಬುಕ್ಕಿನ ಹೊದಿಕೆಗೆ ಅಂಟಿಸಿಕೊಂಡಿದ್ದಾಳೆ.

ಅವಳ ತಾಯಿ ಇನ್ನೂ ಒಪ್ಪಿಲ್ಲ. ಮ್ಯಾಡಿಸನ್‌ನಲ್ಲಿ ಜನವರಿಯ ಚಳಿ ಎಷ್ಟಿರುತ್ತದೆ ಎಂದು ಮಾತ್ರ ವಿಚಾರಿಸಿದ್ದಾರೆ.