ಹಾಲಿನ ಲೆಕ್ಕದ ಕ್ಯಾಲೆಂಡರ್

ನಮ್ಮ ಬನಶಂಕರಿ ಮನೇಲಿ ಹಾಲಿನ ಲೆಕ್ಕ ಬರೀತಿದ್ದ ಕ್ಯಾಲೆಂಡರ್ ಮೇಲೆ ಈಗ ಮೊಮ್ಮಗನ ಜ್ವರ, ತೂಕ ಬರೀತೀನಿ.

ಅವನಿಗೆ ಎಪಿಎಲ್ ಅನ್ನೋ ಅಪರೂಪದ ರಕ್ತ ಕ್ಯಾನ್ಸರ್. ಔಷಧಿ, ವಿಟಮಿನ್ ಎ ಜಾತಿಯ ಕ್ಯಾಪ್ಸೂಲ್. 1985ರಲ್ಲಿ ಶಾಂಘೈನ ಡಾ. ವಾಂಗ್ ಝೆನ್‌ಯಿ ಇದನ್ನೇ ಕೊಟ್ಟು 5 ವರ್ಷದ ಹುಡುಗೀನ ಉಳಿಸಿದ್ರಂತೆ. ಆದ್ರೆ ಕೆಲವು ಮಕ್ಕಳಿಗೆ ಅದರಿಂದ್ಲೇ ತಲೆಯೊಳಗೆ ಒತ್ತಡ ಏರುತ್ತೆ.

"ಅಜ್ಜಿ, ತಲೆನೋವು" ಅಂದಾಗ ನಾನು ಉಷ್ಣ ಅಂದ್ಕೊಂಡು ನೆತ್ತಿಗೆ ಹರಳೆಣ್ಣೆ ತಟ್ಟಿ ಮಲಗಿಸ್ದೆ. ಸಂಜೆ ವಾಂತಿ, ಒಂದು ಎರಡಾಗಿ ಕಾಣ್ತಿದೆ ಅಂದ. ಆಟೋ ಹತ್ತಿ ಆಸ್ಪತ್ರೆಗೆ ಓಡಿದ್ವಿ. ಡಾಕ್ಟರು ಕ್ಯಾಪ್ಸೂಲ್ ಕೆಲವು ದಿನ ನಿಲ್ಲಿಸಿದ್ರು, ಇಳೀತು. ಆ ಎಣ್ಣೆ ಬಟ್ಟಲು ನೋಡಿದ್ರೆ ಈಗಲೂ ಹೊಟ್ಟೆ ಕಿವುಚುತ್ತೆ.

ಅಕ್ಕಂದಿರೇ, ಇಂಥ ಮಗುವಿಗೆ ತಲೆನೋವು, ಏದುಸಿರು, ದಿಢೀರ್ ತೂಕ, 100.4 ಡಿಗ್ರಿ ಜ್ವರ, ಯಾವುದು ಬಂದ್ರೂ ಮನೆಮದ್ದು ಬೇಡ. ಮೊದಲು ಡಾಕ್ಟರಿಗೆ ಫೋನ್ ಮಾಡಿ.