ಎರಡ ಸೀಟಿನ ಹಳೇ ಕಾರು

ಸ್ಯಾನ್ ಸ್ಟಾರ್ಮ್ ನೆನಪೈತೇನ್ರಿ? ತೊಂಬತ್ತರ ದಶಕದ ಕೊನಿಗೆ ಬೆಂಗಳೂರಿನ ಸ್ಯಾನ್ ಮೋಟಾರ್ಸ್‌ನವ್ರು ತಂದ ಎರಡ ಸೀಟಿನ ಸ್ಪೋರ್ಟ್ಸ್ ಕಾರು. 1149 ಸಿಸಿ ರೆನೋ ಎಂಜಿನ್, ಫೈಬರ್ ಬಾಡಿ. ಫೈಬರಿಗೆ ಜಂಗು ಹಿಡಿಯೂದಿಲ್ಲ ಖರೆ, ಸೀಳಿತಂದ್ರ ತಗಡಿನಂಗ ಬಡದು ಸರಿ ಮಾಡಾಕ ಬರೂದಿಲ್ಲ. 15 ವರ್ಷ ದಾಟಿದ ಗಾಡಿ ಬ್ಯಾರೆ. ಆರ್‌ಟಿಓದಾಗ ತೋರಿಸಿ ಐದೈದು ವರ್ಷಕ್ಕ ಆರ್‌ಸಿ ರಿನ್ಯೂವಲ್ ಮಾಡಿಸಬೇಕು.

ಯಾರರ ಮಾರಾಕ ಇಟ್ಟಿದ್ರ ಮೊದಲ ಬಗ್ಗಿ ತಳಾ ನೋಡ್ರಿ. ನಮ್ಮ ಮುದ್ದೇಬಿಹಾಳ ಕಡೆ ಹಂಪ್ಸ್ ಅಂದ್ರ ಸಣ್ಣ ಗುಡ್ಡಾನ!

ಆದ್ರೂ ಡಿಸೆಂಬರದ ಮುಂಜಾನೆ ಟಾಪ್ ತಗದು ಇಂಡಿಯಿಂದ ಸಿಂದಗಿಗೆ ಹೊಂಟ್ರ... ಎರಡೂ ಬದಿ ಬಿಳಿಜೋಳ, ತೊಗರಿ, ನಡುವ ಲಿಂಬಿ ತೋಟದ ವಾಸನಿ. ಬಾಗೇವಾಡಿ ಸಂತಿ ದಿನ ಮಾತ್ರ ತರಬಾರದು. "ಹಿಂದ ಸೀಟ ಇಲ್ಲಲ್ಲೋ ತಮ್ಮಾ, ಚೀಲಾ ಎಲ್ಲಿ ಇಡ್ಲಿ?"